ಆನ್‌ಲೈನ್ ಪೋಕರ್ ಮತ್ತು ಜೂಜಿನ ಕಾನೂನು: ವರ್ತಕರು ಅರಿತಿರಬೇಕಾದ ಸಂಗತಿಗಳು

ಶಿವಾಜಿನಗರದ ಕಮರ್ಷಿಯಲ್ ಸ್ಟ್ರೀಟಿನಿಂದ ಹಲಸೂರು, ಇಂದಿರಾನಗರಗಳನ್ನು ಹಾದು ಕೃಷ್ಣರಾಜಪುರದವರೆಗೆ ವ್ಯವಹಾರ ನಡೆಸುವ ನಮ್ಮ ವರ್ತಕ ಬಾಂಧವರಲ್ಲಿ ಇಸ್ಪೀಟು ಮುಟ್ಟದವರು ಅನೇಕರಿರಬಹುದು. ಆದರೆ ಇಸ್ಪೀಟಿಗೆ ಸಂಬಂಧಿಸಿದ ಕಾನೂನು ತಮಗೆ ಸಂಬಂಧಪಟ್ಟದ್ದಲ್ಲವೆಂದು ಧೈರ್ಯವಾಗಿ ಹೇಳಬಲ್ಲವರು ವಿರಳ. ಮೇಲ್ಮಹಡಿಯನ್ನು ಮನರಂಜನಾ ಕ್ಲಬ್ಬಿಗೆ ಬಾಡಿಗೆಗೆ ಕೊಟ್ಟ ಕಟ್ಟಡದ ಮಾಲೀಕರು, ಗೇಮಿಂಗ್ ಸಂಸ್ಥೆಯ ಜಾಹೀರಾತು ಫಲಕಕ್ಕೆ ಸ್ಥಳ ಒದಗಿಸಿದವರು, ಸಂಸ್ಥೆಯ ಚಾಲ್ತಿ ಖಾತೆಯಿಂದಲೇ ಪೋಕರ್ ಆ್ಯಪಿಗೆ ಹಣ ಕಟ್ಟಿದ ಪಾಲುದಾರರು, ಇವರೆಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಈ ಕಾನೂನಿನ ವ್ಯಾಪ್ತಿಗೆ ಬರುತ್ತಾರೆ. ‘ಪೋಕರ್ ಕೌಶಲ್ಯದ ಆಟ, ಆದ್ದರಿಂದ ಅದು ಜೂಜಲ್ಲ’ ಎಂಬ ಮಾತು ವ್ಯಾಪಕವಾಗಿ ಪ್ರಚಾರದಲ್ಲಿದೆ. ಈ ಮಾತಿನಲ್ಲಿ ಸತ್ಯಾಂಶವಿದೆ; ಆದರೆ ಅದನ್ನೇ ನಂಬಿ ವ್ಯವಹರಿಸುವುದು ಇಂದು ಅಪಾಯಕರ.

ಪಣವೊಡ್ಡುವುದು ಮತ್ತು ಜೂಜು ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರಾಜ್ಯ ಪಟ್ಟಿಯ 34ನೆಯ ನಮೂದಿಗೆ ಸೇರಿದ ವಿಷಯ. ಕರ್ನಾಟಕದಲ್ಲಿ ಜೂಜಿಗೆ ಸಂಬಂಧಿಸಿದ ಮುಖ್ಯ ನಿಯಮಗಳಿರುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ. ಅದರ 79ನೆಯ ಕಲಮು ಜೂಜಿನ ಅಡ್ಡೆ ನಡೆಸುವವರನ್ನೂ, 80ನೆಯ ಕಲಮು ಅಲ್ಲಿ ಆಡುವವರನ್ನೂ ಶಿಕ್ಷೆಗೆ ಗುರಿಪಡಿಸುತ್ತವೆ. ಸ್ವತಃ ಅಡ್ಡೆ ನಡೆಸದಿದ್ದರೂ, ತಿಳಿದೂ ತಿಳಿದು ತನ್ನ ಕಟ್ಟಡವನ್ನೋ ಕೊಠಡಿಯನ್ನೋ ಅದಕ್ಕೆ ಬಳಸಲು ಬಿಟ್ಟ ಮಾಲೀಕನೂ 79ನೆಯ ಕಲಮಿನ ಅಡಿ ಅಪರಾಧಿಯಾಗುತ್ತಾನೆ ಎಂಬುದನ್ನು ಕಟ್ಟಡಗಳನ್ನು ಬಾಡಿಗೆಗೆ ಕೊಡುವವರು ವಿಶೇಷವಾಗಿ ಗಮನಿಸಬೇಕು. ಇನ್ನು 176ನೆಯ ಕಲಮು ಈ ಎರಡು ಕಲಮುಗಳಿಂದ ಶುದ್ಧ ಕೌಶಲ್ಯದ ಆಟಕ್ಕೆ ವಿನಾಯಿತಿ ನೀಡುತ್ತದೆ. ಇಡೀ ವಾದವಿವಾದ ನಿಂತಿರುವುದು ಈ ವಿನಾಯಿತಿಯ ಮೇಲೆ.

ಕೌಶಲ್ಯವೆಂದರೇನು? 1967ರಲ್ಲಿ ಸುಪ್ರೀಂ ಕೋರ್ಟು ಸಿಕಂದರಾಬಾದಿನ ಕ್ಲಬ್ಬೊಂದಕ್ಕೆ ಸಂಬಂಧಿಸಿದ ಸತ್ಯನಾರಾಯಣ ಪ್ರಕರಣದಲ್ಲಿ, ರಮ್ಮಿಯು ಪ್ರಧಾನವಾಗಿ ಕೌಶಲ್ಯದ ಆಟವೆಂದು ತೀರ್ಮಾನಿಸಿತು. ಬಿದ್ದ ಎಲೆಗಳನ್ನು ನೆನಪಿಟ್ಟುಕೊಳ್ಳಬೇಕು, ಯಾವ ಎಲೆಯನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕೆಂದು ನಿರ್ಧರಿಸಬೇಕು ಎಂಬುದು ಅದಕ್ಕೆ ಕಾರಣ. ಫ್ಲಶ್ ಮುಂತಾದ ಹೆಸರಿನ ಮೂರೆಲೆಯ ಆಟ ಕೇವಲ ಅದೃಷ್ಟದ್ದೆಂದೂ ಅದೇ ತೀರ್ಪು ಹೇಳಿತು. ಆ ತೀರ್ಪಿನ ಮತ್ತೊಂದು ಭಾಗವನ್ನು ಮಾತ್ರ ಕ್ಲಬ್ಬುಗಳವರು ಸಾಮಾನ್ಯವಾಗಿ ಉದ್ಧರಿಸುವುದಿಲ್ಲ: ಪಣವಿಟ್ಟು ಆಡುವ ಆಟದಿಂದ, ಅದು ರಮ್ಮಿಯೇ ಆಗಿರಲಿ, ಕ್ಲಬ್ಬಿನ ಅಥವಾ ಮನೆಯ ಒಡೆಯ ಲಾಭ ಪಡೆಯುತ್ತಿದ್ದಾನೆಂದು ಸಾಬೀತಾದರೆ ಅಪರಾಧ ಸಿದ್ಧವಾಗಬಹುದು. ಅಂದರೆ ಆಟದ ಹೆಸರೊಂದೇ ಸಾಲದು. ಪ್ರತಿ ಕೈಯಿಂದ ಕಮಿಷನ್ ಎತ್ತುವವರು ಯಾರು ಎಂಬುದೂ ಪ್ರಶ್ನೆಯೇ. ಪೋಕರಿನಲ್ಲಿ ಮೇಜು ನಡೆಸುವವನ ಆದಾಯವೇ ಆ ಕಮಿಷನ್ ಎಂಬುದು ಆಟ ಬಲ್ಲವರಿಗೆ ಗೊತ್ತಿರುವ ಸಂಗತಿ.

ಪೋಕರಿನ ವಿಷಯದಲ್ಲಿ ನ್ಯಾಯಾಲಯಗಳು ಒಮ್ಮತಕ್ಕೆ ಬಂದಿಲ್ಲ. 2013ರ ಅಕ್ಟೋಬರ್‌ನಲ್ಲಿ ಕರ್ನಾಟಕ ಹೈಕೋರ್ಟು ಇಂಡಿಯನ್ ಪೋಕರ್ ಅಸೋಸಿಯೇಷನ್ ಪ್ರಕರಣದಲ್ಲಿ, ಆಡುವುದು ಕೌಶಲ್ಯದ ಆಟವಾಗಿದ್ದರೆ ಅದಕ್ಕೆ ಪರವಾನಗಿಯ ಅಗತ್ಯವಿಲ್ಲವೆಂದಿತು. ಇದಕ್ಕೆ ವ್ಯತಿರಿಕ್ತವಾಗಿ ಗುಜರಾತ್ ಹೈಕೋರ್ಟು 2017ರಲ್ಲಿ ಪೋಕರನ್ನು ಜೂಜೆಂದೇ ಪರಿಗಣಿಸಿತು. ಪಶ್ಚಿಮ ಬಂಗಾಳದ 1957ರ ಕಾಯ್ದೆ ಪೋಕರನ್ನು ಜೂಜಿನ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಒಂದೇ ಆಟ, ಊರು ಬದಲಾದರೆ ಅದರ ಜಾತಿಯೂ ಬದಲು!

ಆಡುವವನು ಒಂದು ರಾಜ್ಯದಲ್ಲಿ, ಆಡಿಸುವವನು ಇನ್ನೊಂದು ರಾಜ್ಯದಲ್ಲಿ ಇದ್ದರೆ ಯಾವ ಕಾನೂನು ಎಂಬ ಪ್ರಶ್ನೆ ಅಂತರಜಾಲದೊಡನೆ ಹುಟ್ಟಿದ್ದೆಂದು ಭಾವಿಸಬೇಕಾಗಿಲ್ಲ. ಅದಕ್ಕೆ ನಮ್ಮ ನಗರದ್ದೇ ಹಳೆಯ ನಿದರ್ಶನವಿದೆ. ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಬೆಂಗಳೂರಿನಲ್ಲಿ ಮುದ್ರಣಗೊಂಡು ಪ್ರಕಟವಾಗುತ್ತಿತ್ತು. ಅದರ ಮೂಲಕ ಆರ್‌.ಎಂ.ಡಿ.ಸಿ. ಪದಬಂಧದ ಬಹುಮಾನ ಸ್ಪರ್ಧೆ ನಡೆಯುತ್ತಿತ್ತು. ಮುಂಬಯಿ ರಾಜ್ಯದಲ್ಲಿಯೂ ಸಾವಿರಾರು ಜನ ಪ್ರವೇಶ ಶುಲ್ಕ ತೆತ್ತು ಭಾಗವಹಿಸುತ್ತಿದ್ದರು. ಪತ್ರಿಕೆ ಹೊರ ರಾಜ್ಯದ್ದಾದ್ದರಿಂದ ಮುಂಬಯಿ ಸರ್ಕಾರದ ತೆರಿಗೆ ತಮಗೆ ತಗಲದೆಂದು ಸಂಸ್ಥೆಯ ವಾದ. 1957ರಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ತಳ್ಳಿಹಾಕಿತು. ಪ್ರವೇಶ ಪತ್ರಗಳನ್ನೂ ಹಣವನ್ನೂ ಸ್ವೀಕರಿಸುವ ವ್ಯವಸ್ಥೆ ಮುಂಬಯಿಯಲ್ಲಿದ್ದುದರಿಂದ ಅಲ್ಲಿನ ಕಾನೂನಿಗೆ ಸಾಕಷ್ಟು ಸಂಬಂಧವಿದೆ ಎಂದಿತು. ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವೇ ಅಲ್ಲವೆಂದೂ, ಗಣನೀಯ ಪ್ರಮಾಣದ ಕೌಶಲ್ಯ ಬೇಡುವ ಸ್ಪರ್ಧೆ ಮಾತ್ರ ವ್ಯಾಪಾರವೆಂದೂ ಅದೇ ವರ್ಷದ ತೀರ್ಪುಗಳಿಂದ ಸ್ಥಾಪಿತವಾಯಿತು. ಮುದ್ರಣಾಲಯದ ಜಾಗದಲ್ಲಿ ಸರ್ವರನ್ನು ಇಟ್ಟು ನೋಡಿದರೆ ಇಂದಿನ ವ್ಯಾಜ್ಯಗಳ ಬಹುಪಾಲು ಅಲ್ಲಿಯೇ ಕಾಣಸಿಗುತ್ತದೆ.

ಆನ್‌ಲೈನ್ ಆಟಗಳ ಬಗ್ಗೆ ರಾಜ್ಯ ಸರ್ಕಾರ ನೇರವಾಗಿ ಕೈಹಾಕಿದ್ದು 2021ರಲ್ಲಿ. ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ ಆ ವರ್ಷದ ಅಕ್ಟೋಬರ್ 5ರಂದು ಜಾರಿಗೆ ಬಂದು, ಹಣ ಪಣವಿಟ್ಟು ಆಡುವ ಕೌಶಲ್ಯದ ಆಟಗಳನ್ನೂ ಜೂಜಿನ ವ್ಯಾಪ್ತಿಗೆ ಎಳೆಯಿತು. 2022ರ ಫೆಬ್ರವರಿ 14ರಂದು ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರಿದ್ದ ವಿಭಾಗೀಯ ಪೀಠವು ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು. ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆದರೂ ಗೇಮಿಂಗ್ ಉದ್ಯಮ ಈ ತೀರ್ಪನ್ನು ಆಧಾರವಾಗಿಟ್ಟುಕೊಂಡು ಬೆಂಗಳೂರಿನಲ್ಲಿ ವೇಗವಾಗಿ ಬೆಳೆಯಿತು.

ಈ ಚಿತ್ರವನ್ನು ಸಂಪೂರ್ಣ ಬದಲಿಸಿದ್ದು ಕೇಂದ್ರದ 2025ರ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ. ಆಗಸ್ಟ್ 22ರಂದು ಇದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕೌಶಲ್ಯವೋ ಅದೃಷ್ಟವೋ ಎಂಬ ಹಳೆಯ ಭೇದವನ್ನೇ ಈ ಕಾಯ್ದೆ ಬದಿಗಿರಿಸಿದೆ. ಹಣ ಅಥವಾ ಬೇರೆ ಲಾಭ ಗೆಲ್ಲುವ ನಿರೀಕ್ಷೆಯಿಂದ ಶುಲ್ಕ ಕಟ್ಟಿ, ಠೇವಣಿ ಇಟ್ಟು ಆಡುವ ಆನ್‌ಲೈನ್ ಆಟವೆಲ್ಲವೂ ಹಣದಾಟವೇ. ಹಣಕ್ಕೆ ಬದಲಾಗಿ ಕೊಂಡ ನಾಣ್ಯ, ಟೋಕನ್‌ಗಳನ್ನು ಪಣವಿಟ್ಟರೂ ಅಷ್ಟೆ. ವಿದೇಶದಿಂದ ನಡೆಸಿ ಇಲ್ಲಿನವರಿಗೆ ಒದಗಿಸುವ ಸೇವೆಗೂ ಕಾಯ್ದೆ ಅನ್ವಯಿಸುತ್ತದೆ. ಅಂಕಿತ ಬಿದ್ದೊಡನೆಯೇ ಪ್ರಮುಖ ಸಂಸ್ಥೆಗಳು ಹಣದ ಆಟಗಳನ್ನು ನಿಲ್ಲಿಸಿದವು. ಕಾಯ್ದೆಯ ಸಿಂಧುತ್ವ ಪ್ರಶ್ನಿಸಿದ ಅರ್ಜಿಗಳಲ್ಲಿ ಒಂದು ನಮ್ಮ ಹೈಕೋರ್ಟಿನಲ್ಲಿಯೇ ದಾಖಲಾಗಿತ್ತು; 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅವುಗಳನ್ನು ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ವರ್ತಕರ ದೃಷ್ಟಿಯಿಂದ ಇದರ ತಿರುಳು ಬೇರೆಡೆಯಿದೆ. ಈ ಕಾಯ್ದೆ ಆಟಗಾರನಿಗೆ ಶಿಕ್ಷೆ ವಿಧಿಸುವುದಿಲ್ಲ. ಅದು ಹಿಡಿಯುವುದು ಆತನ ಸುತ್ತ ಇರುವವರನ್ನು. ಆಟ ಒದಗಿಸುವವರಿಗೂ ಅದಕ್ಕೆ ನೆರವು ನೀಡುವವರಿಗೂ 3 ವರ್ಷದವರೆಗೆ ಸೆರೆವಾಸ, 1 ಕೋಟಿ ರೂಪಾಯಿಯವರೆಗೆ ದಂಡ; ಹಣ ಪಾವತಿಗೆ ಅನುವು ಮಾಡಿಕೊಡುವವರಿಗೂ ಅಷ್ಟೇ. ಜಾಹೀರಾತಿಗೆ 2 ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿಯವರೆಗೆ ದಂಡ. ಆದುದರಿಂದ ‘ನಾವೇನೂ ಆಡುವವರಲ್ಲ’ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ಅಂಗಡಿಯ ಯು.ಪಿ.ಐ. ಖಾತೆಯನ್ನೋ ಚಾಲ್ತಿ ಖಾತೆಯನ್ನೋ ಕಮಿಷನ್ ಆಸೆಗೆ ಪರರ ಆಟದ ಹಣ ಹಾಯಿಸಲು ಬಿಟ್ಟವರು, ಆಡಿದವನಿಗಿಂತ ಹೆಚ್ಚಿನ ತೊಂದರೆಗೆ ಸಿಲುಕುವ ಸಂಭವವಿದೆ.

ಬಾಡಿಗೆ ಕರಾರಿನ ಮಾತು ಬೇರೆಯೇ ಹೇಳಬೇಕು. ‘ವಾಣಿಜ್ಯ ಉದ್ದೇಶಕ್ಕಾಗಿ’ ಎಂಬ ಸಡಿಲ ಪದ ಸಾಲದು. ನಡೆಸಲಿರುವ ವ್ಯವಹಾರವನ್ನು ಸ್ಪಷ್ಟವಾಗಿ ನಮೂದಿಸಿ, ಜೂಜಿಗೆ ಬಳಸಿದಲ್ಲಿ ಕರಾರು ರದ್ದಾಗುವ ಷರತ್ತನ್ನು ಸೇರಿಸುವುದು ಒಳಿತು. ಆಟದಲ್ಲಿ ಸೋತವರಿಂದ ಮುಂದಿನ ದಿನಾಂಕದ ಚೆಕ್ಕು ಪಡೆಯುವ ರೂಢಿ ಕೆಲವೆಡೆ ಇದೆ. ಪಂತದ ಕರಾರು 1872ರ ಕರಾರು ಕಾಯ್ದೆಯ 30ನೆಯ ಕಲಮಿನ ಪ್ರಕಾರ ಶೂನ್ಯವಾದದ್ದು. ಪಂತದಲ್ಲಿ ಗೆದ್ದ ಹಣಕ್ಕಾಗಿ ದಾವೆ ಹೂಡುವಂತಿಲ್ಲ. ಚೆಕ್ಕು ವಾಪಸಾದರೂ ಕಾನೂನುಬದ್ಧ ಸಾಲವಲ್ಲವೆಂಬ ಪ್ರತಿವಾದ ಎದುರಾಗುತ್ತದೆ.

ತೆರಿಗೆಯ ಲೆಕ್ಕ ಮಾತ್ರ ಆಟ ನಿಂತರೂ ನಿಲ್ಲುವುದಿಲ್ಲ. 2023ರ ಏಪ್ರಿಲ್ 1ರಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿಗೆ ಶೇಕಡ 30ರ ದರದ ಆದಾಯ ತೆರಿಗೆ ನಿಗದಿಯಾಗಿ, ಸಂಸ್ಥೆಯೇ ಮೂಲದಲ್ಲಿ ತೆರಿಗೆ ಕಡಿತಗೊಳಿಸುವ ನಿಯಮ ಬಂದಿತು. ಅಂಗಡಿಯ ನಷ್ಟವನ್ನು ಈ ಗೆಲುವಿಗೆ ಎದುರಾಗಿ ವಜಾ ಮಾಡುವಂತಿಲ್ಲ, ಆಟದ ಸೋಲನ್ನು ವ್ಯಾಪಾರದ ಖರ್ಚೆಂದು ತೋರಿಸುವಂತೆಯೂ ಇಲ್ಲ. ಕಡಿತದ ವಿವರ ಇಲಾಖೆಯ ಕಡತದಲ್ಲಿ ಪ್ಯಾನ್ ಸಂಖ್ಯೆಯೊಂದಿಗೆ ದಾಖಲಾಗಿರುತ್ತದೆ. 2023ರಿಂದ 2025ರ ಆಗಸ್ಟ್‌ವರೆಗೆ ಆಡಿದವರು ಆ ವರ್ಷಗಳ ಬ್ಯಾಂಕ್ ಪಟ್ಟಿಗಳನ್ನೂ ಕಡಿತದ ವಿವರಗಳನ್ನೂ ತೆಗೆದಿಟ್ಟುಕೊಂಡು, ಸಲ್ಲಿಸಿದ ವಿವರಣಾ ಪತ್ರಗಳೊಡನೆ ತಾಳೆಯಾಗುತ್ತವೆಯೇ ಎಂದು ತಮ್ಮ ಲೆಕ್ಕಪರಿಶೋಧಕರಿಂದ ಪರಿಶೀಲಿಸಿಕೊಳ್ಳಬೇಕು. ಹಣ ಸಂಸ್ಥೆಯ ಖಾತೆಯಿಂದ ಹೋಗಿದ್ದರೆ ಅದನ್ನು ಪಾಲುದಾರರ ಸ್ವಂತ ಖಾತೆಗೆ ಖರ್ಚು ಬರೆದಿರುವುದನ್ನೂ ಖಚಿತಪಡಿಸಿಕೊಳ್ಳಬೇಕು.