ಕಾಗದದ ಹೂವಿಗೆ ನೀರು ಕಡಿಮೆ ಮಾಡಿ

ನರ್ಸರಿಯಿಂದ ತರುವಾಗ ಮೈತುಂಬ ಹೂ ಹೊತ್ತಿದ್ದ ಕಾಗದದ ಹೂವಿನ ಗಿಡ, ಅಂದರೆ ಬೋಗನ್‌ವಿಲ್ಲಾ, ಮನೆಗೆ ಬಂದ ಮೇಲೆ ಬರೀ ಎಲೆ ಬಿಡುತ್ತದೆ. ಮನೆಯವರು ಇನ್ನಷ್ಟು ಗೊಬ್ಬರ ಹಾಕಿ ಎರಡು ಹೊತ್ತೂ ನೀರು ಹೊಯ್ಯುತ್ತಾರೆ. ಎಲೆ ಮತ್ತೂ ದಟ್ಟವಾಗುತ್ತದೆ, ಹೂ ಮಾತ್ರ ಇಲ್ಲ.

ಈ ಗಿಡದ ಎಲೆಯ ಬುಡವನ್ನು ಒಮ್ಮೆ ಹತ್ತಿರದಿಂದ ನೋಡಿ. ಅಲ್ಲೊಂದು ಮುಳ್ಳಿರುತ್ತದೆ. ಹೂಗೊಂಚಲು ಹುಟ್ಟುವುದೂ ಅದೇ ಜಾಗದಲ್ಲಿ. ಎಳೆ ಮೊಗ್ಗು ಮುಳ್ಳಾಗಬೇಕೋ ಹೂವಾಗಬೇಕೋ ಎಂಬುದನ್ನು ಬಹುಪಾಲು ಬಿಸಿಲು ಮತ್ತು ಹಗಲಿನ ಉದ್ದ ತೀರ್ಮಾನಿಸುತ್ತವೆ. ನೆರಳಿನಲ್ಲಿಟ್ಟರೆ ಮುಳ್ಳೇ ಗತಿ. ನೀರು, ಸಾರಜನಕ ಧಾರಾಳವಾಗಿ ಸಿಕ್ಕಿದರೆ ಗಿಡ ಬಳ್ಳಿ ಚಾಚುವುದರಲ್ಲೇ ಮಗ್ನವಾಗಿಬಿಡುತ್ತದೆ. ಕನಿಷ್ಠ ಐದಾರು ಗಂಟೆ ನೇರ ಬಿಸಿಲು ಬೀಳುವ ಕಡೆ ಇಟ್ಟು, ಮೇಲ್ಮಣ್ಣು ಚೆನ್ನಾಗಿ ಒಣಗಿದ ಮೇಲಷ್ಟೇ ನೀರು ಕೊಡಿ. ಅಂದಹಾಗೆ, ನಾವು ಹೂವೆನ್ನುವ ಆ ಬಣ್ಣದ ಪಕಳೆಗಳು ರೂಪ ಬದಲಿಸಿದ ಎಲೆಗಳು. ನಿಜವಾದ ಹೂ ನಡುವೆ ಇರುವ ಬಿಳಿಯ ಪುಟ್ಟ ಕೊಳವೆ.

ಕೇಪಳದ ತಕರಾರೇ ಬೇರೆ. ಕರಾವಳಿಯ ಗುಡ್ಡಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಕೆಂಪಗೆ ಅರಳುವ ಇದು ಬೆಂಗಳೂರಿನ ಕಾಂಪೌಂಡ್ ಪಕ್ಕದಲ್ಲಿ ಸೊರಗುತ್ತದೆ: ಎಳೆ ಎಲೆ ಹಳದಿ, ನರಗಳು ಮಾತ್ರ ಹಸಿರು. ಇದು ಕಬ್ಬಿಣದ ಕೊರತೆ. ಕರಾವಳಿಯ ಜಂಬಿಟ್ಟಿಗೆ ಮಣ್ಣು ಹುಳಿ ಗುಣದ್ದು, ಅಲ್ಲಿ ಬೇರಿಗೆ ಕಬ್ಬಿಣ ಸುಲಭವಾಗಿ ದಕ್ಕುತ್ತದೆ. ಗೋಡೆ ಕಟ್ಟಿದಾಗ ಉಳಿದ ಸಿಮೆಂಟ್ ಚೂರು, ಗಡಸು ಬೋರ್‌ವೆಲ್ ನೀರು ಎರಡೂ ಮಣ್ಣನ್ನು ಕ್ಷಾರದ ಕಡೆಗೆ ಎಳೆಯುತ್ತವೆ. ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರು ಹೀರಲಾರದು. ಚೂರುಗಳನ್ನು ಆರಿಸಿ ತೆಗೆದು, ತರಗೆಲೆಯ ಗೊಬ್ಬರ ತುಂಬಿ, ಸಾಧ್ಯವಾದಷ್ಟು ಮಳೆನೀರು ಕೊಡುವುದೇ ಮದ್ದು.

ದಾಸವಾಳಕ್ಕೆ ಕತ್ತರಿಯ ಹೆದರಿಕೆ ಬೇಡ. ಅದು ಹೊಸ ಚಿಗುರಿನಲ್ಲೇ ಮೊಗ್ಗು ಬಿಡುವುದರಿಂದ ಹದವಾಗಿ ಸವರಿದರೆ ಹೂ ಹೆಚ್ಚು.

ಮರಗಳ ವಿಷಯಕ್ಕೆ ಬಂದರೆ, ನಮ್ಮ ಆಸೆಯನ್ನು ಕೆಡಿಸಿದ್ದು ಬೆಂಗಳೂರಿನ ರಸ್ತೆಗಳೇ ಎನ್ನಬೇಕು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಯೋಜಿಸಿದರು. ಅವು ಅಗಲವಾದ ರಸ್ತೆಗೆ ಹೊಂದುವ ಮರಗಳು. ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಕೊಡೆಯಂತೆ ಹರಡುತ್ತದೆ, ಬೇರು ಮೇಲ್ಮಣ್ಣಿನಲ್ಲೇ ಓಡುತ್ತದೆ, ಗಾಳಿಮಳೆಗೆ ಕೊಂಬೆ ಮುರಿಯುತ್ತದೆ. 30×40 ಸೈಟಿನಲ್ಲಿ ಮನೆ ಕಟ್ಟಿ ಉಳಿದ ಜಾಗಕ್ಕೆ ಅದು ಸಲ್ಲದು. ಪಾರಿಜಾತ, ದೇವಕಣಗಿಲೆ, ನಂದಿಬಟ್ಟಲು ಅಲ್ಲಿ ಒಪ್ಪವಾಗಿ ಬೆಳೆಯುತ್ತವೆ. ಜಾಗ ಸ್ವಲ್ಪ ದೊಡ್ಡದಿದ್ದರೆ ನಮ್ಮದೇ ಕಕ್ಕೆ ಹಾಕಿ. ಬೇಸಿಗೆಯಲ್ಲಿ ಹಳದಿ ಗೊಂಚಲು ಇಳಿಬಿಟ್ಟಾಗ ಗುಲ್‌ಮೊಹರ್ ನೆನಪಾಗದು.

ನೆಡಲು ಮುಂಗಾರಿನ ಮೊದಲ ಮಳೆಗಳು ಬಿದ್ದ ನಂತರದ ದಿನಗಳು ಒಳ್ಳೆಯವು. ಪುಟ್ಟ ಮಕ್ಕಳು, ದನಕರು ಇರುವ ಮನೆಯಲ್ಲಿ ಮಾತ್ರ ಕಣಗಿಲೆ (ದೇವಕಣಗಿಲೆಯಲ್ಲ) ಬೇಡ. ಅದರ ಎಲೆ, ಹೂ, ಕಡ್ಡಿ, ಬೇರು ಎಲ್ಲವೂ ಹೃದಯದ ಬಡಿತವನ್ನು ಕೆಡಿಸುವ ವಿಷ.