ಪುಟ ಬದಲಾಗದೆ ಪಟ್ಟಿ ಬದಲಾಗುವ ಬಗೆ: ಡ್ರೂಪಲ್ ನಮೂನೆಗಳಲ್ಲಿ ಅಸಮಕಾಲಿಕ ವರ್ತನೆ

ಶಾಲಾ ಪ್ರವೇಶದ ಅರ್ಜಿ, ವಿದ್ಯಾರ್ಥಿವೇತನದ ಕೋರಿಕೆ, ಶಿಕ್ಷಕರ ತರಬೇತಿಯ ನೋಂದಣಿ ಮೊದಲಾದವು ಇಂದು ವೆಬ್ ಪುಟದ ನಮೂನೆಗಳ ರೂಪದಲ್ಲಿ ಬರುತ್ತಿವೆ. ಇಂತಹ ನಮೂನೆಯಲ್ಲಿ ಒಂದು ಉತ್ತರವು ಮುಂದಿನ ಪ್ರಶ್ನೆಯನ್ನು ನಿರ್ಧರಿಸುತ್ತದೆ. ಕೇರಳವನ್ನು ಆರಿಸಿದವರಿಗೆ ಕಾಸರಗೋಡು, ವಯನಾಡು ಮುಂತಾದ ಜಿಲ್ಲೆಗಳು ಕಾಣಬೇಕು. ಮಹಾರಾಷ್ಟ್ರವನ್ನು ಆರಿಸಿದವರಿಗೆ ಸೊಲ್ಲಾಪುರ, ಸಾಂಗಲಿ ಮುಂತಾದವು ಕಾಣಬೇಕು. ಈ ಎರಡು ರಾಜ್ಯಗಳಲ್ಲಿ ಜಿಲ್ಲೆಯ ಕೆಳಗೆ ‘ತಾಲ್ಲೂಕು’ ಇದ್ದರೆ ಆಂಧ್ರಪ್ರದೇಶ, ತೆಲಂಗಾಣಗಳಲ್ಲಿ ‘ಮಂಡಲ’ ಇದೆ. ಆದುದರಿಂದ ಪಟ್ಟಿಯೊಂದಿಗೆ ಪ್ರಶ್ನೆಯ ಹೆಸರೂ ಬದಲಾಗಬೇಕು. ಕೊನೆಗೆ ಶಾಲೆಯನ್ನು ಆರಿಸಿದಾಗ ಆ ಶಾಲೆಯಲ್ಲಿರುವ ಬೋಧನ ಮಾಧ್ಯಮಗಳು ಮಾತ್ರ ಕಾಣಬೇಕು.

ಪ್ರತಿ ಆಯ್ಕೆಗೂ ಇಡೀ ಪುಟ ಹೊಸದಾಗಿ ತೆರೆದುಕೊಳ್ಳುವಂತಿದ್ದರೆ, ಸಂಪರ್ಕ ನಿಧಾನವಾಗಿರುವ ಊರುಗಳಲ್ಲಿ ಕಾಯುವುದೇ ದೊಡ್ಡ ಕೆಲಸವಾಗುತ್ತದೆ. ಕಷ್ಟಪಟ್ಟು ಕನ್ನಡದಲ್ಲಿ ಬೆರಳಚ್ಚಿಸಿದ ಮಗುವಿನ ಹೆಸರು ಅಳಿಸಿಹೋಗುವ ಸಂಭವವೂ ಇರುತ್ತದೆ. ಇದಕ್ಕೆ ಪರಿಹಾರವಾಗಿ ಬಂದುದು ನಮೂನೆಯ ಅಂಶಗಳಿಗೆ ಅಸಮಕಾಲಿಕ ವರ್ತನೆಯನ್ನು ಜೋಡಿಸುವ ವಿಧಾನ.

ಅಸಮಕಾಲಿಕ ಎಂದರೇನು?

ಶಿಕ್ಷಕರು ಕಚೇರಿಯಿಂದ ಹಾಜರಿ ಪುಸ್ತಕವನ್ನು ತರಲು ಒಬ್ಬ ವಿದ್ಯಾರ್ಥಿಯನ್ನು ಕಳುಹಿಸಿ ಪಾಠವನ್ನು ಮುಂದುವರಿಸುತ್ತಾರೆ. ಪುಸ್ತಕ ಬಂದಾಗ ಅದನ್ನು ಮೇಜಿನ ಮೇಲೆ ಇರಿಸಲಾಗುತ್ತದೆ. ತರಗತಿ ಅದಕ್ಕಾಗಿ ನಿಲ್ಲುವುದಿಲ್ಲ. ಅಸಮಕಾಲಿಕ ವರ್ತನೆಯೂ ಹೀಗೆಯೇ. ಬ್ರೌಸರ್ ಸರ್ವರಿಗೆ ಕೋರಿಕೆಯನ್ನು ಕಳುಹಿಸಿ, ಉತ್ತರ ಬಂದಾಗ ಪುಟದ ಒಂದು ಭಾಗವನ್ನು ಮಾತ್ರ ಬದಲಿಸುತ್ತದೆ. ಇದಕ್ಕೆ ಬೇಕಾದ ಸೌಲಭ್ಯವು 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿಯೇ ಇತ್ತು. ಈ ಕಾರ್ಯವಿಧಾನಕ್ಕೆ ‘ಅಜಾಕ್ಸ್’ ಎಂಬ ಹೆಸರನ್ನು 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬ ಅಮೆರಿಕದ ವಿನ್ಯಾಸಕಾರರು ನೀಡಿದರು.

ಡ್ರೂಪಲ್‌ನ ವ್ಯವಸ್ಥೆ

ಡ್ರೂಪಲ್ ಎಂಬುದು ಜಾಲತಾಣದ ವಿಷಯವನ್ನು ನಿರ್ವಹಿಸುವ ಮುಕ್ತ ತಂತ್ರಾಂಶ. ಬೆಲ್ಜಿಯಂನ ಡ್ರೀಸ್ ಬೈಟಾರ್ಟ್ ಇದನ್ನು 2001ರಲ್ಲಿ ಸಾರ್ವಜನಿಕರಿಗೆ ಬಿಡುಗಡೆ ಮಾಡಿದರು. ಇದರಲ್ಲಿ ನಮೂನೆಯ ಪ್ರತಿಯೊಂದು ಅಂಶವನ್ನೂ ಅದರ ಗುಣಗಳ ಪಟ್ಟಿಯಾಗಿ ಬರೆಯಲಾಗುತ್ತದೆ. ಗುಣದ ಹೆಸರಿನ ಮುಂದೆ # ಚಿಹ್ನೆ ಇರುತ್ತದೆ: ಶೀರ್ಷಿಕೆ ಒಂದು ಗುಣ, ಆಯ್ಕೆಗಳು ಇನ್ನೊಂದು ಗುಣ. 2011ರಲ್ಲಿ ಬಂದ ಡ್ರೂಪಲ್ 7ರಿಂದ ‘#ಅಜಾಕ್ಸ್’ ಎಂಬುದೂ ಅಂತಹ ಒಂದು ಗುಣವಾಗಿದೆ.

ಈ ಗುಣದಲ್ಲಿ ಮುಖ್ಯವಾಗಿ ಮೂರು ವಿವರಗಳಿರುತ್ತವೆ. ಯಾವ ಘಟನೆ ನಡೆದಾಗ ಕೋರಿಕೆ ಹೋಗಬೇಕು ಎಂಬುದು ‘ಈವೆಂಟ್’. ಪುಟದ ಯಾವ ಭಾಗ ಬದಲಾಗಬೇಕು ಎಂಬುದು ‘ರ‍್ಯಾಪರ್’. ಬದಲಿ ಭಾಗವನ್ನು ಸರ್ವರಿನಲ್ಲಿ ಎತ್ತಿಕೊಡುವ ಕಾರ್ಯ ಯಾವುದು ಎಂಬುದು ‘ಕಾಲ್‌ಬ್ಯಾಕ್’.

ಪೋಷಕರು ರಾಜ್ಯದ ಪಟ್ಟಿಯಲ್ಲಿ ‘ತಮಿಳುನಾಡು’ ಎಂದು ಆರಿಸಿದರೆಂದು ಭಾವಿಸೋಣ. ನಮೂನೆಯಲ್ಲಿ ಅದುವರೆಗೆ ತುಂಬಿದ ವಿವರಗಳೆಲ್ಲ ಸರ್ವರಿಗೆ ಹೋಗುತ್ತವೆ. ಆ ವಿವರಗಳ ಆಧಾರದಿಂದ ಡ್ರೂಪಲ್ ನಮೂನೆಯನ್ನು ಮತ್ತೊಮ್ಮೆ ರಚಿಸುತ್ತದೆ. ಹೊಸದಾಗಿ ರಚಿತವಾದ ನಮೂನೆಯಿಂದ ಜಿಲ್ಲೆಯ ಭಾಗವನ್ನು ಮಾತ್ರ ಕಾಲ್‌ಬ್ಯಾಕ್ ತೆಗೆದು ಕೊಡುತ್ತದೆ. ಬ್ರೌಸರ್ ಅದನ್ನು ಹಳೆಯ ಪಟ್ಟಿಯ ಜಾಗದಲ್ಲಿ ಇರಿಸುತ್ತದೆ. ಈರೋಡು, ಕೃಷ್ಣಗಿರಿ, ನೀಲಗಿರಿ ಮುಂತಾದ ಹೆಸರುಗಳು ಕಾಣಿಸಿಕೊಳ್ಳುತ್ತವೆ. ಮಗುವಿನ ಹೆಸರು ಇದ್ದಲ್ಲಿಯೇ ಇರುತ್ತದೆ.

ನಿರ್ಧಾರ ಎಲ್ಲಿ ಆಗಬೇಕು?

ಈ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಕಾಲ್‌ಬ್ಯಾಕ್‌ನ ಕೆಲಸ ಸಿದ್ಧವಾದ ಭಾಗವನ್ನು ಎತ್ತಿಕೊಡುವುದು ಮಾತ್ರ. ಪಟ್ಟಿಯಲ್ಲಿ ಏನಿರಬೇಕು ಎಂಬ ನಿರ್ಧಾರ ನಮೂನೆಯನ್ನು ರಚಿಸುವ ಹಂತದಲ್ಲಿಯೇ ಆಗಬೇಕು. ಹೊಸ ಆಯ್ಕೆಗಳನ್ನು ಕಾಲ್‌ಬ್ಯಾಕ್‌ನಲ್ಲಿ ಸೇರಿಸಿದರೆ ಅವು ಪರದೆಯ ಮೇಲೆ ಕಾಣುತ್ತವೆ, ಆದರೆ ಸಲ್ಲಿಕೆಯ ವೇಳೆ ಡ್ರೂಪಲ್ ಮತ್ತೆ ರಚಿಸುವ ನಮೂನೆಯಲ್ಲಿ ಅವು ಇರುವುದಿಲ್ಲ. ತಾನು ಕೊಡದ ಆಯ್ಕೆಯನ್ನು ಡ್ರೂಪಲ್ ಸುರಕ್ಷತೆಯ ದೃಷ್ಟಿಯಿಂದ ತಿರಸ್ಕರಿಸುತ್ತದೆ.

ಮಾಧ್ಯಮದ ಪಟ್ಟಿಯಲ್ಲಿ ಈ ದೋಷ ನುಸುಳಿದರೆ ಪರಿಣಾಮ ಗಂಭೀರವಾದುದು. ‘ಕನ್ನಡ’ ಎಂಬ ಆಯ್ಕೆ ಕಾಣಿಸಿಯೂ ಸ್ವೀಕೃತವಾಗದಿದ್ದಾಗ, ಎರಡು ಮೂರು ಬಾರಿ ಪ್ರಯತ್ನಿಸಿ ಸೋತ ಪೋಷಕರು ಸ್ವೀಕೃತವಾಗುವ ಬೇರೊಂದು ಮಾಧ್ಯಮವನ್ನು ಆರಿಸಿ ಅರ್ಜಿಯನ್ನು ಮುಗಿಸಿಬಿಡಬಹುದು. ಆ ಮಗು ದಾಖಲೆಯಲ್ಲಿ ಕನ್ನಡ ಮಾಧ್ಯಮದ ಲೆಕ್ಕದಿಂದ ಹೊರಗುಳಿಯುತ್ತದೆ. ತಾಂತ್ರಿಕ ದೋಷವು ಪೋಷಕರ ಇಚ್ಛೆಯೆಂಬಂತೆ ದಾಖಲಾಗುತ್ತದೆ.

ಪಟ್ಟಿಗಳನ್ನು ಸರ್ವರಿನಲ್ಲಿ ಒಂದೇ ಕಡೆ ಇಡುವುದರಿಂದ ಇನ್ನೊಂದು ಪ್ರಯೋಜನವಿದೆ. 2022ರಲ್ಲಿ ಆಂಧ್ರಪ್ರದೇಶದ ಜಿಲ್ಲೆಗಳು ಮರುವಿಂಗಡಣೆಯಾದಾಗ ಮಡಕಶಿರಾ ಪ್ರದೇಶವು ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅಂತಹ ಬದಲಾವಣೆಯನ್ನು ಒಂದೆಡೆ ತಿದ್ದಿದರೆ ಆ ಪಟ್ಟಿಯನ್ನು ಬಳಸುವ ಎಲ್ಲ ನಮೂನೆಗಳೂ ಸರಿಹೋಗುತ್ತವೆ.

ಕೇವಲ ಒಂದು ಅಂಕಣವನ್ನು ತೋರಿಸುವುದು ಅಥವಾ ಮರೆಮಾಡುವುದು ಉದ್ದೇಶವಾಗಿದ್ದರೆ ಸರ್ವರಿಗೆ ಹೋಗಬೇಕಾಗಿಯೇ ಇಲ್ಲ. ಉದಾಹರಣೆಗೆ, ‘ಇತರ ಮಾತೃಭಾಷೆ’ ಎಂದು ಆರಿಸಿದಾಗ ಅದರ ಹೆಸರನ್ನು ಬರೆಯುವ ಅಂಕಣ ತೆರೆಯಬೇಕಾದರೆ ಡ್ರೂಪಲ್‌ನ ‘#ಸ್ಟೇಟ್ಸ್’ ಎಂಬ ಗುಣ ಸಾಕು. ಅದು ಬ್ರೌಸರಿನಲ್ಲಿಯೇ ಕೆಲಸ ಮಾಡುತ್ತದೆ.

ಕನ್ನಡ ಬರೆಯುವ ಅಂಕಣಗಳು

‘ಕ್ಷೇ’ ಎಂಬ ಒಂದು ಅಕ್ಷರವು ಯೂನಿಕೋಡ್‌ನಲ್ಲಿ ಕ, ಹಲಂತ ಚಿಹ್ನೆ, ಷ, ಏಕಾರದ ಸ್ವರಚಿಹ್ನೆ ಎಂಬ 4 ಸಂಕೇತಗಳ ಕೂಡಿಕೆ. ಪ್ರತಿ ಕೀಲಿ ಒತ್ತಿದಾಗಲೂ ಕೋರಿಕೆ ಹೋಗುವಂತೆ ಮಾಡಿದರೆ, ಅಕ್ಷರ ಪೂರ್ಣಗೊಳ್ಳುವ ಮೊದಲೇ ಅರೆಬರೆ ಪಠ್ಯ ಸರ್ವರಿಗೆ ತಲುಪುತ್ತದೆ. ಆ ಅಂಕಣವೇ ಬದಲಾದರೆ ಬರವಣಿಗೆ ನಡುವೆ ಮುರಿಯುತ್ತದೆ. ಪಠ್ಯದ ಅಂಕಣವನ್ನು ಬಿಟ್ಟು ಮುಂದೆ ಹೋದಾಗ ಮಾತ್ರ ಕೋರಿಕೆ ಕಳುಹಿಸುವುದು ಡ್ರೂಪಲ್‌ನ ಸಹಜ ಕ್ರಮ. ಕನ್ನಡಕ್ಕೆ ಅದೇ ಯುಕ್ತ.

ಎಲ್ಲರಿಗೂ ಒದಗುವ ನಮೂನೆ

ಜಾವಾಸ್ಕ್ರಿಪ್ಟ್ ಕೆಲಸ ಮಾಡದ ಬ್ರೌಸರಿನಲ್ಲಿ ಅಜಾಕ್ಸ್ ನಡೆಯುವುದಿಲ್ಲ. ಆಗ ನೆರವಾಗಲು ‘ಜಿಲ್ಲೆಗಳನ್ನು ತೋರಿಸಿ’ ಎಂಬ ಗುಂಡಿಯೊಂದನ್ನು ಇರಿಸಿ, ಸ್ಕ್ರಿಪ್ಟ್ ಇದ್ದಾಗ ಅದು ಮರೆಯಾಗುವಂತೆ ಮಾಡಬಹುದು. ದೃಷ್ಟಿದೋಷವುಳ್ಳವರು ಬಳಸುವ ಪರದೆ ಓದುಗ ತಂತ್ರಾಂಶಕ್ಕೆ ಪುಟದ ಒಂದು ಭಾಗ ಸದ್ದಿಲ್ಲದೆ ಬದಲಾದುದು ತಿಳಿಯದಿರಬಹುದು. ಆದುದರಿಂದ ಬದಲಾಗುವ ಭಾಗವನ್ನು ‘ಏರಿಯಾ ಲೈವ್’ ಎಂಬ ಸೂಚನೆಯಿಂದ ಗುರುತಿಸಬೇಕು.

ಶಿಕ್ಷಕರು ಪರಿಶೀಲಿಸಬೇಕಾದ ಅಂಶಗಳು

ಸಂಕೇತ ಬರೆಯುವುದು ಶಿಕ್ಷಕರ ಹೊಣೆಯಲ್ಲ. ಆದರೆ ನಮೂನೆ ಜಾರಿಗೆ ಬರುವ ಮೊದಲು ಅದನ್ನು ಪರೀಕ್ಷಿಸಿ ನೋಡಲು ಅವರಿಗಿಂತ ತಕ್ಕವರಿಲ್ಲ.

1. ರಾಜ್ಯವನ್ನು ಒಮ್ಮೆ ಆರಿಸಿ, ಮತ್ತೆ ಬದಲಿಸಿ, ಹಳೆಯ ಜಿಲ್ಲೆಯ ಹೆಸರು ಉಳಿದಿದೆಯೇ ಎಂದು ನೋಡಬೇಕು.
2. ಹೆಸರನ್ನು ಕನ್ನಡದಲ್ಲಿ ತುಂಬಿ, ಪಟ್ಟಿಗಳನ್ನು ಬದಲಿಸಿದ ಮೇಲೂ ಅದು ಹಾಗೆಯೇ ಇದೆಯೇ ಎಂದು ನೋಡಬೇಕು.
3. ‘ಕನ್ನಡ’ ಮಾಧ್ಯಮವನ್ನು ಆರಿಸಿ ಅರ್ಜಿಯನ್ನು ಪೂರ್ಣವಾಗಿ ಸಲ್ಲಿಸಬೇಕು. ಆಯ್ಕೆ ಪರದೆಯ ಮೇಲೆ ಕಂಡುದರಿಂದಲೇ ತೃಪ್ತರಾಗಬಾರದು.
4. ಸಲ್ಲಿಸಿದ ಬಳಿಕ ದೊರೆಯುವ ಪ್ರತಿಯಲ್ಲಿ ಅದೇ ಮಾಧ್ಯಮ ಮುದ್ರಿತವಾಗಿದೆಯೇ ಎಂದು ಓದಿ ಖಚಿತಪಡಿಸಿಕೊಳ್ಳಬೇಕು.

ದೋಷ ಕಂಡುಬಂದರೆ ಯಾವ ಆಯ್ಕೆಯ ನಂತರ ಏನಾಯಿತು ಎಂಬುದನ್ನು ಕ್ರಮವಾಗಿ ಬರೆದು ಜಾಲತಾಣದ ನಿರ್ವಾಹಕರಿಗೆ ಕಳುಹಿಸಬೇಕು. ಪ್ರವೇಶದ ಅವಧಿ ಆರಂಭವಾಗುವ ಮೊದಲೇ ಈ ಕೆಲಸ ಮುಗಿದರೆ, ಪೋಷಕರು ಆರಿಸಿದ ಮಾಧ್ಯಮವೇ ಮಗುವಿನ ದಾಖಲೆಯಲ್ಲಿ ಉಳಿಯುತ್ತದೆ.