ಆಪತ್ಕಾಲದ ಕರೆ

ಕೃಷ್ಣಾ ನದಿಯ ನಡುಗಡ್ಡೆಗಳಾದ ಕುರ್ವಕುಲಾ, ಕುರ್ವಕುರ್ದಾ ಗ್ರಾಮಗಳ ಜನರು ತಲೆಮಾರುಗಳಿಂದ ತೆಪ್ಪದಲ್ಲಿ ಹೊಳೆ ದಾಟಿ ರಾಯಚೂರಿನ ಕಡೆಗೆ ಬಂದವರು. ನಡುಹೊಳೆಯಲ್ಲಿ ತೊಂದರೆಗೆ ಸಿಲುಕಿದವನು ದಡದತ್ತ ಮುಖಮಾಡಿ ಕೂಗುತ್ತಾನೆ. ದಡದಿಂದ ‘ಓ’ ಎಂಬ ದನಿ ಬಂದರೆ ಅವನಿಗೆ ಹೋದ ಜೀವ ಬಂದಂತಾಗುತ್ತದೆ. ಆದರೆ ದಡವೇ ಕಾಣದ ಕಡಲಿನಲ್ಲಿ ಕೂಗಿದರೆ ಕೇಳುವವರಾರು?

ಈ ಪ್ರಶ್ನೆಗೆ ಉತ್ತರವಾಗಿ ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ ಮತ್ತು ಫ್ರಾನ್ಸ್ ದೇಶಗಳು ತಮ್ಮ ರಾಜಕೀಯ ವೈಮನಸ್ಯವನ್ನು ಬದಿಗಿರಿಸಿ ‘ಕಾಸ್ಪಾಸ್-ಸಾರ್ಸಾಟ್’ ವ್ಯವಸ್ಥೆಯನ್ನು ರೂಪಿಸಿದವು. 1982ರ ಸೆಪ್ಟೆಂಬರಿನಲ್ಲಿ ಕೆನಡಾದಲ್ಲಿ ವಿಮಾನ ಬಿದ್ದು ಗಾಯಗೊಂಡಿದ್ದ ಮೂವರ ಪ್ರಾಣ ಇದರಿಂದ ಉಳಿಯಿತು. ಕೈಯಲ್ಲಿ ಹಿಡಿಯಬಹುದಾದ ಸಾಧನವೊಂದು 406 ಮೆಗಾಹರ್ಟ್ಸ್ ಆವರ್ತನದಲ್ಲಿ, ಸುಮಾರು 50 ಸೆಕೆಂಡುಗಳಿಗೊಮ್ಮೆ, ತನ್ನ ಗುರುತನ್ನು ಉಪಗ್ರಹಕ್ಕೆ ಕಳುಹಿಸುತ್ತದೆ. ಭಾರತದಲ್ಲಿ ಇಂತಹ ಕರೆಗಳನ್ನು ಬೆಂಗಳೂರಿನಲ್ಲಿರುವ ಇಸ್ರೋ ಸಂಸ್ಥೆಯ ನಿಯಂತ್ರಣ ಕೇಂದ್ರವು ಸ್ವೀಕರಿಸಿ ರಕ್ಷಣಾ ಪಡೆಗಳಿಗೆ ತಿಳಿಸುತ್ತದೆ.

ನಮ್ಮ ಮೀನುಗಾರರಿಗಾಗಿ ಇಸ್ರೋ ಪ್ರತ್ಯೇಕ ಸಾಧನವೊಂದನ್ನು ನಿರ್ಮಿಸಿತು. 2010ರಿಂದ ಬಳಕೆಯಲ್ಲಿದ್ದ ಅದರಲ್ಲಿ ಒಂದು ಕೊರತೆಯಿತ್ತು: ಕರೆ ಹೋಗುತ್ತಿತ್ತು, ಓಗೊಡುವ ದನಿ ಮರಳುತ್ತಿರಲಿಲ್ಲ. ಕರೆ ತಲುಪಿತೋ ಇಲ್ಲವೋ ಎಂದು ತಿಳಿಯದೆ ಅಲೆಗಳ ನಡುವೆ ಕಾಯುವವನ ಸಂಕಟವನ್ನು ಊಹಿಸಿಕೊಳ್ಳಿರಿ. 2024ರಲ್ಲಿ ಬಂದ ಎರಡನೆಯ ಪೀಳಿಗೆಯ ಸಾಧನವು ‘ನಿಮ್ಮ ಕರೆ ತಲುಪಿದೆ’ ಎಂಬ ಮರುಸಂದೇಶವನ್ನು ತಂದುಕೊಡುತ್ತದೆ.

ಸಾಧನವಿದ್ದ ಮಾತ್ರಕ್ಕೆ ನಿಶ್ಚಿಂತರಾಗಬಹುದೇ? ಇಲ್ಲ. ಕಣಕ್ಕಿಳಿಯುವ ಮುನ್ನ ಹಗ್ಗ, ನೊಗಗಳನ್ನು ನೋಡಿಕೊಳ್ಳುವ ರೈತನಂತೆ, ಹೊರಡುವ ಮುನ್ನವೇ ಇದನ್ನೂ ಪರೀಕ್ಷಿಸಬೇಕು. ಬ್ಯಾಟರಿಯ ಅವಧಿ ಮೀರಿದೆಯೇ, ಆಂಟೆನಾ ಸರಿಯಾಗಿದೆಯೇ, ಒಡೆಯನ ವಿಳಾಸ ನೋಂದಣಿಯಾಗಿದೆಯೇ ಎಂದು ನೋಡಬೇಕು. 406 ಮೆಗಾಹರ್ಟ್ಸ್ ಸಾಧನಗಳಲ್ಲಿ ಸ್ವಯಂಪರೀಕ್ಷೆಗೆಂದೇ ಬೇರೆ ಏರ್ಪಾಡಿರುತ್ತದೆ. ಅದರಿಂದ ಹೊರಡುವ ಸಂಕೇತವನ್ನು ಆಪತ್ತಿನ ಕರೆಯೆಂದು ಎಣಿಸುವುದಿಲ್ಲ. ಒಳಗಿನ ಯಂತ್ರ ಸರಿಯಿದೆಯೆಂದು ಆ ಪರೀಕ್ಷೆ ಹೇಳೀತು. ಸಂಕೇತ ಉಪಗ್ರಹವನ್ನು ಮುಟ್ಟುವುದೆಂದು ಹೇಳಲಾರದು. ಆದುದರಿಂದ ಬಳಸುವಾಗ ಆಂಟೆನಾದ ಮೇಲೆ ತೆರೆದ ಆಕಾಶವಿರಬೇಕು.

ಆದರೆ ಪರೀಕ್ಷೆಯ ನೆಪದಲ್ಲಿ ಆಪತ್ತಿನ ಗುಂಡಿಯನ್ನೇ ಒತ್ತುವುದು ಮಹಾಪರಾಧ. ‘ಹುಲಿ ಬಂತು ಹುಲಿ’ ಎಂದು ಸುಮ್ಮನೆ ಕೂಗಿದ ಹುಡುಗನ ಕಥೆ ನಿಮಗೆ ಗೊತ್ತು. ಸುಳ್ಳು ಕರೆಯ ಬೆನ್ನುಹತ್ತಿ ಹೋದ ಹಡಗು, ಅದೇ ವೇಳೆಯಲ್ಲಿ ನಿಜವಾಗಿ ಮುಳುಗುತ್ತಿರುವವನ ಬಳಿಗೆ ತಡವಾಗಿ ತಲುಪೀತು.

ಯಂತ್ರವನ್ನು ನಂಬಬೇಕು, ಪರೀಕ್ಷಿಸಿ ನಂಬಬೇಕು. ಕೂಗುವವನು ಸತ್ಯವಂತನಾಗಿದ್ದರೆ ಮಾತ್ರ ಓಗೊಡುವವನು ತಡಮಾಡದೆ ಓಡಿಬರುತ್ತಾನೆ.